ಉತ್ತರಧ್ರುವ ಸೀಮೆಯ ಮೋಟಾರು ಸೈಕಲ್ ಹಾದಿಗಳು

ನಕಾಶೆಯಲ್ಲಿ ಉತ್ತರಕ್ಕೆ ಏರಿದಷ್ಟೂ ಹಾದಿಯು ಕಠಿಣವಾಗುವುದೆಂದು ನಾವು ಸಹಜವಾಗಿ ಭಾವಿಸುವೆವು. ಉತ್ತರಧ್ರುವವೃತ್ತವನ್ನು ದಾಟಿ ಮೋಟಾರು ಸೈಕಲ್ಲಿನ ಮೇಲೆ ಹೋಗಬಹುದಾದ ಮೂರು ಪ್ರಸಿದ್ಧ ಮಾರ್ಗಗಳನ್ನು ಹೋಲಿಸಿ ನೋಡಿದರೆ ಈ ಎಣಿಕೆಯು ತಪ್ಪೆಂದು ತಿಳಿಯುವುದು.

ಮೂರರಲ್ಲಿ ಅತ್ಯಂತ ಉತ್ತರಕ್ಕಿರುವುದು ನಾರ್ವೆ ದೇಶದ ನಾರ್ಡ್‌ಕಾಪ್ ಭೂಶಿರ. ಅದು ೭೧ ಡಿಗ್ರಿಗಳಿಗೂ ಮೇಲಿರುವುದು. ಆದರೂ ಅಲ್ಲಿಯವರೆಗೆ ಟಾರು ರಸ್ತೆಯಿದೆ. ೧೯೯೯ರಲ್ಲಿ ತೆರೆದ ಸುರಂಗವೊಂದು ಸಮುದ್ರಮಟ್ಟಕ್ಕಿಂತ ೨೧೨ ಮೀಟರು ಕೆಳಗಿಳಿದು ಸವಾರನನ್ನು ದ್ವೀಪಕ್ಕೆ ಮುಟ್ಟಿಸುವುದು. ಕಡಲಿನ ಗಾಳಿ, ರಸ್ತೆಗೆ ಅಡ್ಡ ಬರುವ ಹಿಮಸಾರಂಗಗಳು, ಇವುಗಳ ವಿಷಯದಲ್ಲಿ ಎಚ್ಚರವಿದ್ದರೆ ಸಾಕು. ಬೇಸಗೆಯಲ್ಲಿ ಪ್ರವಾಸಿಗಳ ಬಸ್ಸುಗಳೇ ಅಲ್ಲಿಗೆ ಹೋಗುತ್ತಿರುವಾಗ ಇದನ್ನು ಸಾಹಸವೆನ್ನಲು ನಮಗೆ ಸಂಕೋಚ.

ಅಮೆರಿಕದ ಅಲಾಸ್ಕಾದಲ್ಲಿರುವ ಡಾಲ್ಟನ್ ಹೆದ್ದಾರಿಯು ಬೇರೆಯೇ ಜಾತಿಯದು. ಎಣ್ಣೆಯ ಕೊಳವೆಸಾಲನ್ನು ಕಟ್ಟುವುದಕ್ಕಾಗಿ ೧೯೭೪ರಲ್ಲಿ ಕೆಲವೇ ತಿಂಗಳುಗಳಲ್ಲಿ ಹಾಕಿದ ಈ ರಸ್ತೆಯ ಉದ್ದ ೪೧೪ ಮೈಲಿ. ಕೋಲ್ಡ್‌ಫುಟ್ ಎಂಬ ತಂಗುದಾಣವನ್ನು ಬಿಟ್ಟರೆ ಕೊನೆಯ ಡೆಡ್‌ಹಾರ್ಸ್‌ವರೆಗೆ ೨೪೦ ಮೈಲಿ ಪೆಟ್ರೋಲು ದೊರೆಯದು. ನಡುವೆ ೪,೭೩೯ ಅಡಿ ಎತ್ತರದ ಅಟಿಗನ್ ಕಣಿವೆಯನ್ನು ದಾಟಬೇಕು. ಧೂಳು ಏಳದಿರಲೆಂದು ರಸ್ತೆಗೆ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣವನ್ನು ಹಾಕುವರು. ಒಣಗಿದ್ದಾಗ ನೆಲವು ಗಟ್ಟಿ. ಮಳೆ ಬಿದ್ದೊಡನೆ ಜಾರಿಕೆ. ಆ ಕೆಸರು ಯಂತ್ರಕ್ಕೆ ಮೆತ್ತಿ ಒಣಗಿತೆಂದರೆ ಗಾರೆಯಂತಾಗಿ, ತೊಳೆದರೂ ಬಿಡದು. ಎದುರಿಗೆ ಬರುವ ಭಾರದ ಲಾರಿಗಳು ಕಲ್ಲನ್ನು ಸಿಡಿಸುವುವು. ಆದರೆ ಬಿದ್ದವನನ್ನು ಮೊದಲು ಕಾಣುವವರೂ ಆ ಲಾರಿಯವರೇ.

ಕೆನಡಾದ ಡೆಂಪ್ಸ್‌ಟರ್ ಹೆದ್ದಾರಿಯಲ್ಲಿ ಆ ಧೈರ್ಯವೂ ಕಡಿಮೆ. ೧೯೭೯ರಲ್ಲಿ ತೆರೆದ ಈ ಮಾರ್ಗವು ಡಾಸನ್ ಪಟ್ಟಣದ ಸಮೀಪದಿಂದ ಇನುವಿಕ್‌ವರೆಗೆ ಸುಮಾರು ೪೬೦ ಮೈಲಿ. ಮೊದಲನೆಯ ಪೆಟ್ರೋಲು ಸುಮಾರು ೨೩೦ ಮೈಲಿಯಾಚೆ, ಈಗಲ್ ಪ್ಲೇನ್ಸ್ ಎಂಬಲ್ಲಿ. ಕೆಳಗಿನ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುವುದು. ಅದು ಕರಗಿದರೆ ರಸ್ತೆಯೇ ಕುಸಿಯುವುದಾದ್ದರಿಂದ ದಪ್ಪನಾಗಿ ಜಲ್ಲಿಯನ್ನು ಹಾಸಿ ಅದರ ಮೇಲೆ ದಾರಿಯನ್ನು ನಡೆಸಿದ್ದಾರೆ. ಈ ಜಲ್ಲಿಯ ಚೂಪಾದ ಕಲ್ಲು ಟೈರುಗಳನ್ನು ಸೀಳುವುದು. ಜೇಡಿಯಿರುವ ಕಡೆ ಮಳೆ ಹಿಡಿಯಿತೆಂದರೆ ನಾಲ್ಕು ಚಕ್ರದ ಗಾಡಿಯು ಹೇಗೋ ತೆವಳಿಕೊಂಡು ಹೋದೀತು. ಎರಡು ಚಕ್ರದವನು ಕಾಲೂರಿ ನಿಲ್ಲುವುದೂ ಕಷ್ಟ. ಅದೂ ಸಾಲದೆಂಬಂತೆ ಪೀಲ್ ಮತ್ತು ಮೆಕೆಂಜಿ ನದಿಗಳನ್ನು ವಾಹನದ ದೋಣಿಯಲ್ಲಿ ದಾಟಬೇಕು. ನೀರು ಏರಿದರೆ ದೋಣಿಯು ನಿಲ್ಲುವುದುಂಟು. ಆಗ ಸವಾರನ ಕೌಶಲವು ಎಷ್ಟಿದ್ದರೇನು? ದಡದಲ್ಲಿ ಕಾದಿರಬೇಕು; ಕೈಯಲ್ಲಿರುವ ಆಹಾರವನ್ನು ಎಣಿಸಿಕೊಳ್ಳಬೇಕು.

ಆದ್ದರಿಂದ ನಾವು ಡೆಂಪ್ಸ್‌ಟರ್ ಹಾದಿಗೇ ಮೊದಲ ಸ್ಥಾನವನ್ನು ಕೊಡುವೆವು. ಒಣ ದಿನಗಳಲ್ಲಿ ಅದನ್ನು ಸುಲಭವಾಗಿ ಮುಗಿಸಿ ಬಂದವರು ನಮ್ಮನ್ನು ಒಪ್ಪಲಾರರು. ಅವರ ಮಾತೂ ಸುಳ್ಳಲ್ಲ. ಮನೆಯ ತರುಣನೊಬ್ಬನು ಇಂತಹ ದಾರಿಗೆ ಹೊರಟುನಿಂತರೆ, ಯಂತ್ರದ ಶಕ್ತಿಯೆಷ್ಟೆಂದು ವಿಚಾರಿಸುವ ಮೊದಲು, ಮಳೆ ಬಂದರೆ ಎರಡು ದಿನ ಸುಮ್ಮನೆ ಕುಳಿತಿರುವಷ್ಟು ಬಿಡುವನ್ನು ಇಟ್ಟುಕೊಂಡಿರುವನೇ ಎಂದು ಹಿರಿಯರು ಕೇಳತಕ್ಕದ್ದು. ರಜೆಯು ಮುಗಿಯುವುದೆಂಬ ಆತುರದಲ್ಲಿ ಕೆಸರಿಗಿಳಿಯುವುದೇ ಅಲ್ಲಿ ನಿಜವಾದ ಅಪಾಯ.

ಡೆಡ್‌ಹಾರ್ಸ್‌ನಲ್ಲಿ ಸಮುದ್ರವು ಹತ್ತಿರವೇ ಇದ್ದರೂ ಎಣ್ಣೆಯ ಕ್ಷೇತ್ರವು ಅಡ್ಡವಾಗಿರುವುದರಿಂದ ಸವಾರನು ತನ್ನ ಗಾಡಿಯಲ್ಲಿ ದಡಕ್ಕೆ ಹೋಗುವಂತಿಲ್ಲ. ಇನುವಿಕ್‌ನಿಂದ ಟುಕ್ಟೊಯಾಕ್ಟುಕ್‌ಗೆ ೨೦೧೭ರ ನವೆಂಬರಿನಲ್ಲಿ ತೆರೆದ ಸುಮಾರು ೮೫ ಮೈಲಿಯ ದಾರಿಯಾದರೋ ನೇರವಾಗಿ ಉತ್ತರ ಹಿಮಸಾಗರದ ತೀರಕ್ಕೇ ಒಯ್ಯುವುದು. ಅದೂ ಜಲ್ಲಿಯ ದಾರಿಯೇ. ನೀರಿಗೆ ಕೈಯದ್ದಿದವನು ಮತ್ತೆ ಅದೇ ಜಲ್ಲಿ, ಅದೇ ಎರಡು ದೋಣಿಗಳ ಮೂಲಕವೇ ಹಿಂದಿರುಗಬೇಕು.