ಹಳೆಯ ನಿಯಂತ್ರಕಕ್ಕೆ ಮನೆಯ ಜಾಲದ ಸಂಪರ್ಕ

ಹನಿ ನೀರಾವರಿ, ಹಸಿರುಮನೆ ಬೇಸಾಯ ಕೈಗೊಂಡಿರುವ ಅನೇಕ ರೈತರ ಪಂಪ್‌ಹೌಸುಗಳಲ್ಲಿ ಹತ್ತು ಹದಿನೈದು ವರ್ಷಗಳ ಹಿಂದೆ ಕೂರಿಸಿದ ನಿಯಂತ್ರಕಗಳೂ ಮೋಟಾರಿನ ವೇಗ ಹೊಂದಿಸುವ ಡ್ರೈವ್‌ಗಳೂ ಇಂದಿಗೂ ಸರಿಯಾಗಿ ಕೆಲಸ ಮಾಡುತ್ತಿವೆ. ಮನೆಗೆ ಇಂಟರ್ನೆಟ್ ಬಂದ ಮೇಲೆ, ಮೋಟಾರು ಓಡುತ್ತಿದೆಯೇ, ಎಷ್ಟು ಆಂಪಿಯರ್ ಎಳೆಯುತ್ತಿದೆ, ಪೈಪಿನಲ್ಲಿ ಒತ್ತಡ ಎಷ್ಟಿದೆ ಎಂಬುದನ್ನು ಮನೆಯಲ್ಲೇ ತಿಳಿಯುವ ಆಸೆ ಸಹಜ. ತ್ರೀಫೇಸ್ ವಿದ್ಯುತ್ ರಾತ್ರಿ ಸರದಿಯಲ್ಲಿ ಬರುವ ಕಡೆ ಇದು ಬರಿಯ ಆಸೆಯಲ್ಲ. ಕತ್ತಲಲ್ಲಿ ಹಾವು ಹುಳುಗಳ ನಡುವೆ ತೋಟಕ್ಕೆ ಹೋಗುವ ಕಷ್ಟವನ್ನು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕಾಗಿ ಪ್ಯಾನೆಲನ್ನೇ ಬದಲಾಯಿಸಬೇಕೆಂದು ಮಾರಾಟಗಾರರು ಹೇಳುವುದುಂಟು. ಬಹಳ ಸಲ ಅದು ಬೇಕಿಲ್ಲ. ಹಳೆಯ ಯಂತ್ರಕ್ಕೆ ಸೀರಿಯಲ್ ಸಂಪರ್ಕದ ಏರ್ಪಾಡಿದ್ದರೆ ಒಂದು ಸಣ್ಣ ಅಡಾಪ್ಟರ್ ಸಾಕು.

ಮೊದಲು ಯಂತ್ರದ ಕೈಪಿಡಿ ನೋಡಿ

ಸೀರಿಯಲ್ ಸಂಪರ್ಕದಲ್ಲಿ ಮುಖ್ಯವಾಗಿ ಎರಡು ಬಗೆ. ಒಂಬತ್ತು ಪಿನ್ನಿನ ಸಾಕೆಟ್ ಇದ್ದರೆ ಅದು ಸಾಮಾನ್ಯವಾಗಿ ಆರ್‌ಎಸ್-232. ಇದು 1960ರಷ್ಟು ಹಳೆಯದು. ಒಂದು ಯಂತ್ರಕ್ಕೆ ಒಂದೇ ಯಂತ್ರ ಜೋಡಿಸಬಹುದು, ತಂತಿ ಸುಮಾರು 15 ಮೀಟರ್ ಮೀರಬಾರದು. ಸ್ಕ್ರೂ ಟರ್ಮಿನಲ್‌ಗಳ ಮೇಲೆ ಎ, ಬಿ ಎಂದೋ ಡಿ ಪ್ಲಸ್, ಡಿ ಮೈನಸ್ ಎಂದೋ ಗುರುತಿದ್ದರೆ ಅದು 1983ರಲ್ಲಿ ಬಂದ ಆರ್‌ಎಸ್-485 ಇರಬಹುದು. ಕಡಿಮೆ ವೇಗದಲ್ಲಿ ಇದರ ತಂತಿಯನ್ನು 1200 ಮೀಟರ್‌ವರೆಗೆ ಎಳೆಯಬಹುದು. ಒಂದೇ ಜೋಡಿ ತಂತಿಗೆ 32 ಯಂತ್ರಗಳನ್ನು ಸೇರಿಸಬಹುದು. ಯಾವ ಬಗೆಯೆಂದು ಕೈಪಿಡಿಯಿಂದ ಖಚಿತಪಡಿಸಿಕೊಂಡೇ ಅಡಾಪ್ಟರ್ ಕೊಳ್ಳತಕ್ಕದ್ದು. ಅಗ್ಗಕ್ಕೆ ಸಿಗುವ 5 ವೋಲ್ಟಿನ ಬಿಡಿ ಬೋರ್ಡುಗಳನ್ನು ಆರ್‌ಎಸ್-232ಕ್ಕೆ ನೇರ ಜೋಡಿಸಿದರೆ ಅವು ಸುಡುತ್ತವೆ. ಬರಿಯ ರಿಲೇ ಮತ್ತು ಟೈಮರ್ ಇರುವ ಪ್ಯಾನೆಲ್‌ಗಳಿಗೆ ಈ ಲೇಖನದ ವಿಧಾನ ಅನ್ವಯಿಸದು.

ಯಂತ್ರದ ಮಾತು

ತಂತಿ ಕೂಡಿದ ಮಾತ್ರಕ್ಕೆ ಮಾತು ಕೂಡುವುದಿಲ್ಲ. ಹಳೆಯ ನಿಯಂತ್ರಕಗಳಲ್ಲಿ ಹೆಚ್ಚಿನವು ಮೋಡಿಕಾನ್ ಕಂಪನಿ 1979ರಲ್ಲಿ ಹೊರತಂದ ಮೋಡ್‌ಬಸ್ ಎಂಬ ಪದ್ಧತಿಯನ್ನು ಅನುಸರಿಸುತ್ತವೆ. ಇದು ಶಾಲೆಯಲ್ಲಿ ಹಾಜರಿ ಕೂಗಿದಂತೆ. ಮೇಷ್ಟರು ಒಬ್ಬರೇ, ಅವರು ಸಂಖ್ಯೆ ಕೂಗಿದಾಗ ಆ ಸಂಖ್ಯೆಯ ಹುಡುಗ ಮಾತ್ರ ಉತ್ತರಿಸಬೇಕು. ಯಂತ್ರಗಳಿಗೆ 1ರಿಂದ 247ರವರೆಗೆ ಸಂಖ್ಯೆ ಕೊಡಬಹುದು. ಎರಡು ಯಂತ್ರಗಳಿಗೆ ಒಂದೇ ಸಂಖ್ಯೆ ಇದ್ದರೆ ಎರಡೂ ಒಟ್ಟಿಗೆ ಉತ್ತರಿಸಿ ಗೊಂದಲವಾಗುತ್ತದೆ. ಇಬ್ಬರು ಮೇಷ್ಟರಿದ್ದರೂ ಅಷ್ಟೆ. ಪ್ಯಾನೆಲಿನ ಟಚ್ ಸ್ಕ್ರೀನ್ ಈಗಾಗಲೇ ಅದೇ ತಂತಿಯಲ್ಲಿ ಪ್ರಶ್ನೆ ಕೇಳುತ್ತಿದ್ದರೆ, ಅಡಾಪ್ಟರನ್ನು ಆ ತಂತಿಗೆ ಸೇರಿಸದೆ ನಿಯಂತ್ರಕದಲ್ಲಿ ಬೇರೆ ಪೋರ್ಟ್ ಇದೆಯೇ ಎಂದು ನೋಡಬೇಕು.

ವೇಗ, ಪ್ಯಾರಿಟಿ, ಸ್ಟಾಪ್ ಬಿಟ್ ಇವು ಎರಡೂ ಕಡೆ ಒಂದೇ ಇರಬೇಕು. ಯಂತ್ರದಲ್ಲಿ 9600 ವೇಗ, ಈವನ್ ಪ್ಯಾರಿಟಿ ಇದ್ದರೆ ಅಡಾಪ್ಟರಿನಲ್ಲೂ ಅದನ್ನೇ ಇಡಿ. ಯಂತ್ರದಲ್ಲಿ ಏನನ್ನೂ ಬದಲಾಯಿಸಬೇಡಿ.

ಹೆಚ್ಚಿನವರು ಸಿಕ್ಕಿಬೀಳುವುದು ಇದರ ಮುಂದಿನ ಹಂತದಲ್ಲಿ. ಅಡಾಪ್ಟರ್‌ಗಳು ಎರಡು ರೀತಿ ಕೆಲಸ ಮಾಡುತ್ತವೆ. ಒಂದು, ಬಂದದ್ದನ್ನು ಬಂದ ಹಾಗೆಯೇ ದಾಟಿಸುವುದು. ಇನ್ನೊಂದು, ಸೀರಿಯಲ್ ಮೋಡ್‌ಬಸ್ಸನ್ನು ಜಾಲದ ಮೋಡ್‌ಬಸ್ ಟಿಸಿಪಿಗೆ ಪರಿವರ್ತಿಸಿ ಕೊಡುವುದು. ಮನೆಯ ಕಂಪ್ಯೂಟರಿನ ತಂತ್ರಾಂಶ ಟಿಸಿಪಿ ಕೇಳುತ್ತಿದ್ದು, ಅಡಾಪ್ಟರ್ ಮೊದಲ ರೀತಿಯಲ್ಲಿದ್ದರೆ, ದೀಪಗಳೆಲ್ಲ ಮಿನುಗುತ್ತಿದ್ದರೂ ಉತ್ತರ ಮಾತ್ರ ಬಾರದು. ಆಗ ಯಂತ್ರ ಕೆಟ್ಟಿದೆಯೆಂದು ಬಿಚ್ಚುವ ಮೊದಲು ಅಡಾಪ್ಟರಿನ ಈ ಆಯ್ಕೆಯನ್ನು ನೋಡಿ. ಆಮೇಲೆ ಎ ಮತ್ತು ಬಿ ತಂತಿಗಳನ್ನು ಅದಲುಬದಲು ಮಾಡಿ ನೋಡಿ. ತಯಾರಕರು ಈ ಗುರುತುಗಳನ್ನು ತಿರುವುಮುರುವು ಹಾಕುವುದುಂಟು, ಬದಲಾಯಿಸಿದರೆ ಹಾನಿಯಿಲ್ಲ. ಉತ್ತರ ಬಂದರೂ ಅಂಕಿ ತಾಳೆಯಾಗದಿದ್ದರೆ, ಕೈಪಿಡಿಯ 40001 ತಂತಿಯ ಮೇಲೆ ಸೊನ್ನೆಯೆಂದು ಎಣಿಕೆಯಾಗುತ್ತದೆ ಎಂಬುದನ್ನು ನೆನೆಯಿರಿ. ಈ ಒಂದರ ವ್ಯತ್ಯಾಸದಿಂದ ಒತ್ತಡ ಕೇಳಿದರೆ ಆಂಪಿಯರ್ ಬಂದೀತು.

ತಂತಿ ಎಳೆಯುವಾಗ

ಹುರಿ ಹಾಕಿದ ಜೋಡಿ ತಂತಿಯನ್ನೇ ಬಳಸಿ. ಒಂದು ಯಂತ್ರದಿಂದ ಮುಂದಿನದಕ್ಕೆ ಸಾಲಾಗಿ ಎಳೆಯಬೇಕೇ ಹೊರತು ಮರದ ಕೊಂಬೆಗಳಂತೆ ಕವಲೊಡೆಸಬಾರದು. ಉದ್ದದ ಸಾಲಿನ ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಬೇಕು. ಮೋಟಾರಿನ ಕೇಬಲ್ ಇರುವ ಪೈಪಿನಲ್ಲಿ ಈ ತಂತಿಯನ್ನು ತೂರಿಸಬೇಡಿ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಮಳೆಯಲ್ಲಿ ಹೊಲದುದ್ದಕ್ಕೂ ಎಳೆದ ತಾಮ್ರದ ತಂತಿ ಅಪಾಯಕಾರಿ. ಅಡಾಪ್ಟರನ್ನು ಪ್ಯಾನೆಲಿನ ಪಕ್ಕದಲ್ಲೇ ಇಟ್ಟು, ಅಲ್ಲಿಂದ ಮನೆಗೆ ವೈಫೈ ಅಥವಾ ಆಪ್ಟಿಕಲ್ ಫೈಬರ್ ಮೂಲಕ ಹೋಗುವುದು ಲೇಸು.

ನೋಡುವುದು ಬೇರೆ, ಚಾಲೂ ಮಾಡುವುದು ಬೇರೆ

ಮೊದಲ ಕೆಲವು ವಾರ ಓದುವುದಕ್ಕಷ್ಟೇ ಈ ಸಂಪರ್ಕ ಬಳಸಿ. ಮನೆಯಿಂದ ಮೋಟಾರು ಚಾಲೂ ಮಾಡುವ ಏರ್ಪಾಡು ಬೇಕೆನಿಸಿದರೆ, ಪ್ಯಾನೆಲಿನಲ್ಲಿ 'ಇಲ್ಲಿಂದ–ದೂರದಿಂದ' ಆಯ್ಕೆಯ ಸ್ವಿಚ್ಚನ್ನು ತಿಳಿದ ಎಲೆಕ್ಟ್ರಿಷಿಯನ್‌ರಿಂದ ಮೊದಲು ಹಾಕಿಸಿ. ಒಬ್ಬರು ಪಂಪಿನ ಬಳಿ ಕೈಯಿಟ್ಟಿರುವಾಗ ಮನೆಯಲ್ಲಿರುವ ಇನ್ನೊಬ್ಬರು ಗುಂಡಿ ಒತ್ತಿದರೆ ಪ್ರಾಣವೇ ಹೋದೀತು. ಆ ಸ್ವಿಚ್ಚನ್ನೂ ಪೂರ್ತಿ ನಂಬಬೇಡಿ. ರಿಪೇರಿಗೆ ಇಳಿಯುವ ಮುನ್ನ ಮೇನ್ ಇಳಿಸಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಬೇಕು. ನೀರಿಲ್ಲದಾಗ ಮೋಟಾರು ನಿಲ್ಲಿಸುವ ರಕ್ಷಣೆ, ಓವರ್‌ಲೋಡ್ ರಿಲೇ ಇವು ಪ್ಯಾನೆಲಿನಲ್ಲೇ ಇರಲಿ, ಜಾಲವನ್ನು ನೆಚ್ಚಿರದಿರಲಿ. ಸಂಪರ್ಕ ಕಡಿದಾಗ ಮೋಟಾರು ನಿಲ್ಲುವಂತೆ ಡ್ರೈವಿನಲ್ಲಿ ಹೊಂದಿಸಿ. ಕೆಲವು ಡ್ರೈವ್‌ಗಳ ನೆನಪಿನ ಚಿಪ್ಪಿಗೆ ಬರೆಯುವ ಸಲಗಳ ಮಿತಿಯಿರುವುದರಿಂದ, ಅದೇ ಆಜ್ಞೆಯನ್ನು ಸೆಕೆಂಡಿಗೊಮ್ಮೆ ಕಳುಹಿಸುತ್ತಿರಬಾರದು.

ಹಳೆಯ ಮೋಡ್‌ಬಸ್‌ಗೆ ಪಾಸ್‌ವರ್ಡ್ ಎಂಬುದೇ ಇಲ್ಲ. ಯಾರು ಕೇಳಿದರೂ ಹೇಳುತ್ತದೆ, ಯಾರು ಆಜ್ಞೆ ಕೊಟ್ಟರೂ ನಡೆಸುತ್ತದೆ. ಆದ್ದರಿಂದ ರೂಟರಿನಲ್ಲಿ ಇದರ 502 ಪೋರ್ಟನ್ನು ಹೊರಗಿನ ಇಂಟರ್ನೆಟ್ಟಿಗೆ ತೆರೆಯಲೇಬಾರದು. ಪರ ಊರಿನಿಂದ ನೋಡಬೇಕಿದ್ದರೆ ವಿಪಿಎನ್ ಮೂಲಕವೇ ನೋಡಿ. ಅಡಾಪ್ಟರಿನ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಾಯಿಸಿ. ಯಂತ್ರದ ಸಂಖ್ಯೆ, ವೇಗ, ಪ್ಯಾರಿಟಿ, ಯಾವ ಬಣ್ಣದ ತಂತಿ ಎಲ್ಲಿಗೆ ಎಂಬುದನ್ನು ಚೀಟಿಯಲ್ಲಿ ಬರೆದು ಪ್ಯಾನೆಲಿನ ಬಾಗಿಲಿನ ಒಳಬದಿಗೆ ಅಂಟಿಸಿ. ಪಾಸ್‌ವರ್ಡ್ ಮಾತ್ರ ಅಲ್ಲಿ ಬೇಡ.