ಒಂದು ಲೀಟರ್ ಪೆಟ್ರೋಲ್ ಎಲ್ಲಿ ಹೋಗುತ್ತದೆ? – ‘ಕೆಲಸ ಮತ್ತು ಶಕ್ತಿ’ ಪಾಠಕ್ಕೊಂದು ಪೂರಕ

ಒಂಬತ್ತನೇ ತರಗತಿಯ ‘ಕೆಲಸ ಮತ್ತು ಶಕ್ತಿ’ ಘಟಕವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ನಮ್ಮಲ್ಲಿ ಬಹಳ. ಸೂತ್ರಗಳು ಕಡಿಮೆ, ಲೆಕ್ಕಗಳು ಸುಲಭ. ನಾನೂ ಅದನ್ನೇ ಆರಿಸಿಕೊಂಡೆ. ತೀರ್ಥಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಆರು ಅವಧಿ ಪಾಠ ಮಾಡಿದೆ. ನಿತ್ಯಜೀವನದ ಉದಾಹರಣೆಯಾಗಿ ಕಾರಿನ ಮೈಲೇಜನ್ನು ತೆಗೆದುಕೊಂಡೆ. ಈ ಉದಾಹರಣೆಯನ್ನು ಇತರರೂ ಬಳಸಬಹುದು ಎಂಬ ಕಾರಣಕ್ಕೆ ಅದನ್ನು ಇಲ್ಲಿ ವಿವರಿಸುತ್ತಿದ್ದೇನೆ. ಪಾಠದ ನಡುವೆ ನಾನು ಕೊಟ್ಟ ಒಂದು ತಪ್ಪು ಉತ್ತರವನ್ನೂ ಸೇರಿಸಿದ್ದೇನೆ, ಏಕೆಂದರೆ ಆ ತಪ್ಪು ಘಾಟಿ ರಸ್ತೆಯಲ್ಲಿ ಜೀವಕ್ಕೇ ಕುತ್ತಾಗಬಹುದಿತ್ತು.

ಶಕ್ತಿಯ ಜಮಾ–ಖರ್ಚು

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 3.2 ಕೋಟಿ ಜೂಲ್ ರಾಸಾಯನಿಕ ಶಕ್ತಿ ಇದೆ. ಎಂಜಿನ್ ಅದರಲ್ಲಿ ಬಹುಪಾಲನ್ನು ಶಾಖವಾಗಿ ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಹೊರಹಾಕುತ್ತದೆ. ಚಕ್ರಗಳಿಗೆ ಐದನೇ ಒಂದು ಭಾಗ ತಲುಪುತ್ತದೆ ಎಂದು ಹಿಡಿದರೆ ನಮ್ಮ ಕೈಗೆ ಸಿಗುವುದು ಸುಮಾರು 64 ಲಕ್ಷ ಜೂಲ್. ಜಮಾ ಇಷ್ಟು. ಮೊದಲ ಭಾಗದ ಮೇಲೆ ಚಾಲಕನ ಹತೋಟಿ ಕಡಿಮೆ. ಈ 64 ಲಕ್ಷವನ್ನು ಹೇಗೆ ಖರ್ಚು ಮಾಡುತ್ತೇವೆ ಎಂಬುದು ಬಹುಮಟ್ಟಿಗೆ ಅವನ ಕಾಲಿನಲ್ಲಿದೆ.

ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವ ಕಾರು ಎರಡು ಬಲಗಳ ವಿರುದ್ಧ ಕೆಲಸ ಮಾಡುತ್ತದೆ. ಮೊದಲನೆಯದು ಟಯರಿನ ಉರುಳು ಘರ್ಷಣೆ. 1000 ಕಿ.ಗ್ರಾಂ. ತೂಗುವ ಚಿಕ್ಕ ಕಾರಿಗೆ ಡಾಂಬರು ರಸ್ತೆಯಲ್ಲಿ ಇದು ಸುಮಾರು 120 ನ್ಯೂಟನ್. ವೇಗ ಹೆಚ್ಚಿದರೂ ಹೆಚ್ಚು ಬದಲಾಗದು. ಎರಡನೆಯದು ಗಾಳಿಯ ಪ್ರತಿರೋಧ. ಇದು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಂಥ ಕಾರಿಗೆ ಲೆಕ್ಕ ಹಾಕಿದರೆ ಹೀಗಾಗುತ್ತದೆ:

ಗಂಟೆಗೆ 60 ಕಿ.ಮೀ. – ಗಾಳಿ 117, ಟಯರು 120, ಒಟ್ಟು 237 ನ್ಯೂಟನ್. ಲೀಟರಿಗೆ 27 ಕಿ.ಮೀ.
ಗಂಟೆಗೆ 80 ಕಿ.ಮೀ. – ಗಾಳಿ 207, ಟಯರು 120, ಒಟ್ಟು 327 ನ್ಯೂಟನ್. ಲೀಟರಿಗೆ ಸುಮಾರು 19.5 ಕಿ.ಮೀ.
ಗಂಟೆಗೆ 100 ಕಿ.ಮೀ. – ಗಾಳಿ 324, ಟಯರು 120, ಒಟ್ಟು 444 ನ್ಯೂಟನ್. ಲೀಟರಿಗೆ ಸುಮಾರು 14.5 ಕಿ.ಮೀ.

ಕೊನೆಯ ಅಂಕಿಯನ್ನು ಮಕ್ಕಳೇ ಕಂಡುಹಿಡಿಯಬಲ್ಲರು. ಕೆಲಸ ಎಂದರೆ ಬಲ ಮತ್ತು ಸ್ಥಾನಪಲ್ಲಟದ ಗುಣಲಬ್ಧ. 237 ನ್ಯೂಟನ್ ಬಲಕ್ಕೆ 1000 ಮೀಟರಿಗೆ 2.37 ಲಕ್ಷ ಜೂಲ್ ಬೇಕು. 64 ಲಕ್ಷವನ್ನು ಅದರಿಂದ ಭಾಗಿಸಿದರೆ ಮುಗಿಯಿತು. ಎಂಜಿನ್ನಿನ ದಕ್ಷತೆ ಎಲ್ಲ ವೇಗದಲ್ಲೂ ಒಂದೇ ಇರುವುದಿಲ್ಲವಾದ್ದರಿಂದ ನಿಜವಾದ ಅಂಕಿಗಳು ಸ್ವಲ್ಪ ಹಿಂದುಮುಂದಾಗುತ್ತವೆ. ಆದರೆ ಹೆದ್ದಾರಿಯಲ್ಲಿ ವೇಗ ಏರಿದಂತೆ ಮೈಲೇಜ್ ಇಳಿಯುತ್ತದೆ ಎಂಬ ಮಾತು ಬದಲಾಗದು.

ಬ್ರೇಕ್ ತುಳಿದರೆ ಏನು ಕಳೆದುಕೊಳ್ಳುತ್ತೇವೆ?

ಚಲನಶಕ್ತಿಯ ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್. 1000 ಕಿ.ಗ್ರಾಂ. ಕಾರಿನ ಚಲನಶಕ್ತಿ ಆಗ ಸುಮಾರು 1.39 ಲಕ್ಷ ಜೂಲ್. ಬ್ರೇಕ್ ಹಾಕಿ ನಿಲ್ಲಿಸಿದರೆ ಅಷ್ಟೂ ಶಾಖವಾಗಿ ಹೋಗುತ್ತದೆ. ಅದೇ ಶಕ್ತಿಯಲ್ಲಿ ಆ ಕಾರು ಅದೇ ವೇಗದಲ್ಲಿ ಹೆಚ್ಚುಕಡಿಮೆ 600 ಮೀಟರ್ ಹೋಗಬಹುದಿತ್ತು. ಪೆಟ್ರೋಲಿನ ಲೆಕ್ಕದಲ್ಲಿ ಇದು ಸುಮಾರು 22 ಮಿ.ಲೀ., ಲೀಟರಿಗೆ 100 ರೂಪಾಯಿ ಎಂದುಕೊಂಡರೆ 2 ರೂಪಾಯಿಗೂ ಹೆಚ್ಚು.

ಇದರರ್ಥ ಬ್ರೇಕ್ ಹಾಕಬಾರದು ಎಂದಲ್ಲ. ಮುಂದೆ ಹಂಪ್ ಇದೆ, ದನ ಅಡ್ಡ ಬರುತ್ತಿದೆ, ಸಿಗ್ನಲ್ ಕೆಂಪಾಗಿದೆ ಎಂದು ದೂರದಿಂದಲೇ ಕಂಡಾಗ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು ಉಳಿತಾಯ. ಹತ್ತಿರದವರೆಗೂ ಜೋರಾಗಿ ಹೋಗಿ ಗಕ್ಕನೆ ನಿಲ್ಲಿಸುವುದು ಖರ್ಚು. ಒಬ್ಬ ಹುಡುಗಿ ಇದನ್ನು ನನಗಿಂತ ಚೆನ್ನಾಗಿ ಹೇಳಿದಳು: “ಅಂದ್ರೆ ಮಿಸ್, ದೂರ ನೋಡ್ಕೊಂಡು ಓಡ್ಸೋರಿಗೆ ಮೈಲೇಜ್ ಜಾಸ್ತಿ.”

ನನ್ನ ತಪ್ಪು ಉತ್ತರ

ಮೂರನೆಯ ಅವಧಿಯಲ್ಲಿ ಒಬ್ಬ ಹುಡುಗ ಕೇಳಿದ: “ಮಿಸ್, ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಿದ್ರೆ ಪೆಟ್ರೋಲ್ ಉಳಿಯುತ್ತಾ?” ಉಳಿಯುತ್ತದೆ ಎಂದೆ. ಎಂಜಿನ್ನಿಗೆ ಹೊರೆ ಇಲ್ಲ, ಆದ್ದರಿಂದ ಖರ್ಚೂ ಕಡಿಮೆ ಎಂದು ಕಾರಣವನ್ನೂ ಕೊಟ್ಟೆ. ಮನೆಯಲ್ಲಿ ಅಪ್ಪ ತಮ್ಮ ಹಳೆಯ ಕಾರಿನ ಬಗ್ಗೆ ಹಾಗೆ ಹೇಳುವುದನ್ನು ಕೇಳಿಕೊಂಡೇ ಬೆಳೆದಿದ್ದೆ. ಹುಡುಗ ಒಪ್ಪಲಿಲ್ಲ. ಅವನ ತಂದೆ ಆಗುಂಬೆ ಘಾಟಿ ಇಳಿದು ಉಡುಪಿ, ಮಣಿಪಾಲಕ್ಕೆ ಟ್ಯಾಕ್ಸಿ ಬಾಡಿಗೆ ಹೋಗುವವರು. “ನಮ್ಮಪ್ಪ ಗೇರಲ್ಲೇ ಇಳಿಸ್ತಾರೆ. ನ್ಯೂಟ್ರಲ್ ಮಾಡಿದ್ರೆ ಬ್ರೇಕ್ ಹಿಡಿಯಲ್ಲ ಅಂತಾರೆ” ಎಂದ. ಅದು ಸುರಕ್ಷತೆಯ ಮಾತು, ಪೆಟ್ರೋಲ್ ಮಾತ್ರ ಉಳಿಯುತ್ತದೆ ಎಂದು ಹೇಳಿ ಮುಂದಿನ ಕಲಿಕಾಂಶಕ್ಕೆ ಹೋದೆ.

ಹಿಂದಿನ ಬೆಂಚಿನಲ್ಲಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ‘ತಪ್ಪು’ ಎಂದು ಬರೆಯಲಿಲ್ಲ. ಒಂದು ಪ್ರಶ್ನೆ ಬರೆದಿದ್ದರು: “ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ತಿರುಗಿಸುತ್ತಿರುವುದು ಯಾವುದು?”

ರಾತ್ರಿ ಕೂತು ಯೋಚಿಸಿದಾಗ ಉತ್ತರ ಹೊಳೆಯಿತು. ನ್ಯೂಟ್ರಲ್‌ನಲ್ಲಿ ಚಕ್ರಕ್ಕೂ ಎಂಜಿನ್ನಿಗೂ ಸಂಬಂಧ ಕಡಿದಿರುತ್ತದೆ. ಎಂಜಿನ್ ನಿಂತುಹೋಗದಿರಲು ಪೆಟ್ರೋಲ್ ಉರಿಸಲೇಬೇಕು. ಗೇರಿನಲ್ಲಿ ಇಳಿಯುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಈಗಿನ ಇಂಜೆಕ್ಷನ್ ಕಾರುಗಳಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಗೇರಿನಲ್ಲೇ ಇಳಿದರೆ, ಎಂಜಿನ್ ಸಾಕಷ್ಟು ವೇಗವಾಗಿ ತಿರುಗುತ್ತಿರುವವರೆಗೆ ಅದರ ಕಂಪ್ಯೂಟರು ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ಅಪ್ಪನ ಕಾಲದ ಕಾರ್ಬುರೇಟರ್ ಕಾರಿನಲ್ಲಿ ಈ ಏರ್ಪಾಡು ಇರಲಿಲ್ಲ. ಅವರ ಮಾತು ಹುಟ್ಟಿದ್ದು ಆ ಕಾಲದ ಕಾರಿನಿಂದ. ನಾನು ಅದನ್ನು ಪರೀಕ್ಷಿಸದೆ ಈ ಕಾಲಕ್ಕೂ ತಂದಿದ್ದೆ.

ಬ್ರೇಕಿನ ಮಾತಂತೂ ನಮ್ಮ ಪಾಠದ್ದೇ. ಲೆಕ್ಕಕ್ಕೆ 500 ಮೀಟರ್ ಎತ್ತರ ಇಳಿಯುತ್ತೇವೆ ಎನ್ನೋಣ. ಕಾರು ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ 1000 × 9.8 × 500, ಅಂದರೆ 49 ಲಕ್ಷ ಜೂಲ್. ನ್ಯೂಟ್ರಲ್‌ನಲ್ಲಿ ಇದರ ಬಹುಪಾಲು ಬ್ರೇಕಿನ ಮೇಲೆ ಶಾಖವಾಗಿ ಬೀಳುತ್ತದೆ. ಬ್ರೇಕ್ ಅತಿಯಾಗಿ ಕಾದರೆ ಹಿಡಿತ ಕುಗ್ಗುತ್ತದೆ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿದರೆ ಎಂಜಿನ್ ಒಂದು ಪಾಲು ಹೊರುತ್ತದೆ. ಹುಡುಗನ ತಂದೆ ಹೇಳಿದ್ದು ಎರಡೂ ರೀತಿಯಲ್ಲಿ ಸರಿ.

ಮರುದಿನ ಪಾಠ ಶುರು ಮಾಡುವ ಮೊದಲು, “ನಿನ್ನೆ ನಾನು ಹೇಳಿದ್ದು ತಪ್ಪು” ಎಂದೆ. ಉಪನ್ಯಾಸಕರ ಪ್ರಶ್ನೆಯನ್ನೇ ಹಲಗೆಯ ಮೇಲೆ ಬರೆದೆ. ಉತ್ತರವನ್ನು ಮಕ್ಕಳೇ ಕಟ್ಟಿದರು. ನನ್ನ ಆರು ಅವಧಿಗಳಲ್ಲಿ ಎಲ್ಲರೂ ತೊಡಗಿಕೊಂಡಿದ್ದ ಅವಧಿ ಅದೊಂದೇ. ತಪ್ಪೊಪ್ಪಿಕೊಂಡರೆ ತರಗತಿಯ ಹಿಡಿತ ತಪ್ಪುತ್ತದೆ ಎಂಬ ಭಯ ನನಗಿತ್ತು, ಹಾಗೇನೂ ಆಗಲಿಲ್ಲ. ಒಂದು ಎಚ್ಚರಿಕೆಯನ್ನೂ ಸೇರಿಸಿದೆ: ಗೇರಿನಲ್ಲಿ ಕಾರಿನ ವೇಗ ಬೇಗ ಇಳಿಯುವುದರಿಂದ ಸಮತಟ್ಟು ರಸ್ತೆಯ ಲೆಕ್ಕ ಬೇರೆ. ನಾವು ಮಾತಾಡುತ್ತಿರುವುದು ಹೇಗೂ ಬ್ರೇಕ್ ಬೇಕಾಗುವಂಥ ಇಳಿಜಾರಿನ ಬಗ್ಗೆ.

ಮಕ್ಕಳು ಮನೆಗೆ ಒಯ್ದ ಪಟ್ಟಿ

ಕೊನೆಯ ಅವಧಿಯಲ್ಲಿ ಪ್ರತಿ ಸಲಹೆಯ ಮುಂದೆ ಕಾರಣವನ್ನು ಬರೆಯಿಸಿದೆ.

1. ಟಯರಿನ ಗಾಳಿಯನ್ನು ತಿಂಗಳಿಗೊಮ್ಮೆಯಾದರೂ, ಟಯರ್ ತಣ್ಣಗಿರುವಾಗ ನೋಡಿಸಿ. ಗಾಳಿ ಕಡಿಮೆಯಾದರೆ ಟಯರ್ ಹೆಚ್ಚು ಮಡಚಿ ಉರುಳು ಘರ್ಷಣೆ ಏರುತ್ತದೆ. ಎಷ್ಟಿರಬೇಕು ಎಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿರುತ್ತದೆ.
2. ಬೇಡದ ಸಾಮಾನು ಡಿಕ್ಕಿಯಲ್ಲಿ ಬೇಡ. ಖಾಲಿ ಕ್ಯಾರಿಯರ್ ಮೇಲೆ ಬೇಡ. ಮೊದಲನೆಯದು ದ್ರವ್ಯರಾಶಿ, ಎರಡನೆಯದು ಗಾಳಿ.
3. ಕಾಯುವಾಗ ಎಂಜಿನ್ ಆರಿಸಿ. ಚಿಕ್ಕ ಕಾರು ನಿಂತಲ್ಲೇ ಗಂಟೆಗೆ ಅರ್ಧ ಲೀಟರಿನ ಆಸುಪಾಸು ಕುಡಿಯುತ್ತದೆ. ಆಗ ಮೈಲೇಜ್ ಸೊನ್ನೆ.
4. ಎಂಜಿನ್ ಒದ್ದಾಡದಷ್ಟರ ಮಟ್ಟಿಗೆ ಬೇಗ ಮೇಲಿನ ಗೇರಿಗೆ ಬನ್ನಿ.
5. ಊರೊಳಗೆ ನಿಧಾನವಾಗಿ ಹೋಗುವಾಗ ಕಿಟಕಿ ತೆರೆಯಿರಿ, ಹೆದ್ದಾರಿಯಲ್ಲಿ ಎ.ಸಿ. ಬೇಕೆನಿಸಿದರೆ ಕಿಟಕಿ ಮುಚ್ಚಿ ಹಾಕಿ.

ಗೃಹಪಾಠವಾಗಿ ಫುಲ್ ಟ್ಯಾಂಕ್ ವಿಧಾನದ ಅಳತೆ ಕೊಟ್ಟೆ. ಟ್ಯಾಂಕ್ ತುಂಬಿಸಿ ಕಿ.ಮೀ. ಬರೆದುಕೊಳ್ಳುವುದು, ಮುಂದಿನ ಸಲ ತುಂಬಿಸಿದಾಗ ಓಡಿದ ದೂರವನ್ನು ಹಾಕಿಸಿದ ಲೀಟರಿನಿಂದ ಭಾಗಿಸುವುದು. ಎಲ್ಲರ ಮನೆಯಲ್ಲೂ ವಾಹನ ಇರುವುದಿಲ್ಲ. ಆದ್ದರಿಂದ ನಾಲ್ಕೈದು ಮಕ್ಕಳ ಗುಂಪಿಗೆ ಒಂದು ವಾಹನ, ಸ್ಕೂಟರ್ ಆದರೂ ಸರಿ ಎಂದೆ. ಟ್ಯಾಕ್ಸಿಯ ಗುಂಪು 412 ಕಿ.ಮೀ.ಗೆ 23 ಲೀಟರ್, ಅಂದರೆ ಸುಮಾರು 17.9 ಎಂದು ತಂದಿತು. ಕಂಪನಿ ಹೇಳುವುದಕ್ಕಿಂತ ಇದು ಯಾಕೆ ಕಡಿಮೆ ಎಂಬ ಪ್ರಶ್ನೆ ಬಂತು. ಆ ಅಂಕಿ ಪ್ರಯೋಗಾಲಯದಲ್ಲಿ ರೋಲರುಗಳ ಮೇಲೆ, ನಿಗದಿತ ವೇಗದ ಕ್ರಮದಲ್ಲಿ ಅಳೆದದ್ದು. ಅಲ್ಲಿ ಘಾಟಿ ಇಲ್ಲ, ಹೊಂಡ ಇಲ್ಲ, ಮಳೆ ಇಲ್ಲ ಎಂದು ವಿವರಿಸಿದೆ. ಒಂದು ಟ್ಯಾಂಕಿನ ಅಳತೆಯಿಂದ ತೀರ್ಮಾನಕ್ಕೆ ಬರಬಾರದು, ಮೂರು ನಾಲ್ಕು ಸಲ ಅಳೆದು ಸರಾಸರಿ ನೋಡಿ ಎಂದೂ ಹೇಳಿದೆ.

ಈ ಪಾಠವನ್ನು ತೆಗೆದುಕೊಳ್ಳುವ ಮಿತ್ರರಿಗೆ ನನ್ನ ವಿನಂತಿ ಒಂದೇ. ನಾವು ಕೊಡುವ ನಿತ್ಯಜೀವನದ ಉದಾಹರಣೆ ಸಂಜೆ ಮಕ್ಕಳ ಜೊತೆ ಮನೆಗೆ ಹೋಗುತ್ತದೆ, ಮರುದಿನ ಯಾರೋ ಅದರಂತೆ ಗಾಡಿ ಓಡಿಸಲೂಬಹುದು. ಆದ್ದರಿಂದ ಪಾಠಯೋಜನೆ ಬರೆಯುವಾಗ ಸೂತ್ರವನ್ನು ಪರಿಶೀಲಿಸಿದಷ್ಟೇ ಎಚ್ಚರದಿಂದ ಉದಾಹರಣೆಯನ್ನೂ ಪರಿಶೀಲಿಸೋಣ.