ತಿಂಗಳ ಬಿಲ್ಲು ತಾನಾಗಿ ಸಲ್ಲುವ ಬಗೆ

ನಮ್ಮ ಮನೆಗಳಲ್ಲಿ ‘ವರ್ತನೆ’ ಎಂಬ ಮಾತು ಬಹುಕಾಲದಿಂದ ಬಳಕೆಯಲ್ಲಿದೆ. ದಿನವೂ ಇಂತಿಷ್ಟು ಹಾಲು ಹಾಕತಕ್ಕದ್ದು, ತಿಂಗಳ ಕೊನೆಗೆ ಲೆಕ್ಕ ನೋಡಿ ಹಣ ಕೊಡತಕ್ಕದ್ದು ಎಂಬ ಬಾಯಿಮಾತಿನ ಒಪ್ಪಂದವೇ ವರ್ತನೆ. ಗೋಡೆಯ ಮೇಲೆ ಇದ್ದಿಲಿನಿಂದ ಎಳೆದ ಗೀಟುಗಳೇ ಅದರ ಲೆಕ್ಕದ ಪುಸ್ತಕ. ಈ ಸರಳವಾದ ಏರ್ಪಾಟನ್ನು ಬಿಡಿಸಿ ನೋಡಿದರೆ ಅದರಲ್ಲಿ ನಾಲ್ಕು ಅಂಶಗಳು ಕಾಣುತ್ತವೆ: ಕೊಡುವವರು ಯಾರು, ಪಡೆಯುವವರು ಯಾರು, ಮೊಬಲಗು ಎಷ್ಟು, ದಿನ ಯಾವುದು.

ಇಂದು ವಿದ್ಯುತ್ತಿನ ಬಿಲ್ಲು, ದೂರವಾಣಿಯ ಶುಲ್ಕ, ವಿಮೆಯ ಕಂತು, ಸಾಲದ ಕಂತು ಇವುಗಳನ್ನೆಲ್ಲ ಗಣಕಯಂತ್ರಗಳೇ ಸಲ್ಲಿಸುವಂತೆ ಏರ್ಪಡಿಸಬಹುದು. ಯಂತ್ರ ಬಂದರೂ ಆ ನಾಲ್ಕು ಅಂಶಗಳು ಮಾಯವಾಗಲಿಲ್ಲ. ಅವುಗಳ ಜೊತೆಗೆ ಐದನೆಯ ಪ್ರಶ್ನೆಯೊಂದು ಸೇರಿಕೊಂಡಿದೆ: ಹಣವನ್ನು ಮೊದಲು ಕದಲಿಸುವವರು ಯಾರು? ಈ ಪ್ರಶ್ನೆಗೆ ಉತ್ತರ ತಿಳಿದವನಿಗೆ ಉಳಿದುದೆಲ್ಲ ಸುಲಭವಾಗುತ್ತದೆ. ತಿಳಿಯದವನು ತನ್ನ ಖಾತೆಯಿಂದ ಹಣ ಏಕೆ ಹೋಯಿತೆಂದು ಬೆರಗಾಗಬೇಕಾಗುತ್ತದೆ. ಆದುದರಿಂದ ಮೊದಲು ಅದನ್ನೇ ವಿಚಾರಿಸೋಣ.

ನೂಕುವುದು, ಸೆಳೆಯುವುದು

ಕೊಡದ ನೀರನ್ನು ಇನ್ನೊಂದು ಪಾತ್ರೆಗೆ ನಾವೇ ಬಗ್ಗಿಸಬಹುದು. ಇಲ್ಲವೆ ಆ ಪಾತ್ರೆಯ ಕಡೆಯಿಂದ ಕೊಳವೆ ಹಾಕಿ ಸೆಳೆಯಬಹುದು. ಹಣದ ಸಂಗತಿಯೂ ಹೀಗೆಯೇ. ನಾವು ನಮ್ಮ ಬ್ಯಾಂಕಿಗೆ “ಪ್ರತಿ ತಿಂಗಳ 5ನೆಯ ತಾರೀಖು ಇಂಥ ಖಾತೆಗೆ 3,000 ರೂಪಾಯಿ ಕಳುಹಿಸತಕ್ಕದ್ದು” ಎಂದು ಒಮ್ಮೆ ಬರೆದುಕೊಟ್ಟರೆ ಅದು ಸ್ಥಾಯೀ ಸೂಚನೆ. ಇಲ್ಲಿ ಹಣವನ್ನು ನೂಕುವವರು ನಾವೇ. ಮನೆಬಾಡಿಗೆಯಂತೆ ಮೊಬಲಗು ಬದಲಾಗದಿದ್ದಲ್ಲಿ ಇದಕ್ಕಿಂತ ನಿರಪಾಯವಾದ ವಿಧಾನವಿಲ್ಲ. ಆದರೆ ಬಾಡಿಗೆ ನೂರು ರೂಪಾಯಿ ಏರಿದರೆ ಸ್ಥಾಯೀ ಸೂಚನೆಗೆ ಅದು ತಿಳಿಯದು. ಹಳೆಯ ಮೊತ್ತವನ್ನೇ ಕಳುಹಿಸುತ್ತ ಹೋಗುತ್ತದೆ.

ಎರಡನೆಯ ವಿಧಾನದಲ್ಲಿ ಹಣ ಪಡೆಯಬೇಕಾದ ಸಂಸ್ಥೆಯೇ ನಮ್ಮ ಖಾತೆಯಿಂದ ಅದನ್ನು ಸೆಳೆಯುತ್ತದೆ. ಇದಕ್ಕೆ ನಮ್ಮ ಒಪ್ಪಿಗೆಯ ಅಧಿಕಾರಪತ್ರ ಅಗತ್ಯ. ಬ್ರಿಟನ್ನಿನಲ್ಲಿ ಈ ವಿಧಾನ 1964ರಲ್ಲಿ ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಯೂನಿಲಿವರ್ ಸಂಸ್ಥೆಯಲ್ಲಿದ್ದ ಆಲಸ್ಟೇರ್ ಹ್ಯಾಂಟನ್ ಎಂಬುವರಿಗೆ ಐಸ್‌ಕ್ರೀಂ ಮಾರುವ ವ್ಯಾಪಾರಿಗಳಿಂದ ಹಣ ಬೇಗನೆ ವಸೂಲಾಗುವ ದಾರಿ ಬೇಕಾಗಿತ್ತು. ವ್ಯಾಪಾರಿಯು ಚೆಕ್ಕು ಬರೆದು ಕಳುಹಿಸುವವರೆಗೆ ಕಾಯುವ ಬದಲು, ಅವನ ಅನುಮತಿಯಿಂದ ಅವನ ಬ್ಯಾಂಕಿನಿಂದಲೇ ಹಣ ತರಿಸಿಕೊಂಡರೇನು ಎಂದು ಅವರು ಯೋಚಿಸಿದರು. ಪ್ರತಿ ಸಲವೂ ಮೊತ್ತ ಬೇರೆಯಾಗಿದ್ದರೂ ಈ ಏರ್ಪಾಟು ನಡೆಯುತ್ತದೆ ಎಂಬುದೇ ಅದರ ಹೆಚ್ಚುಗಾರಿಕೆ.

ನಮ್ಮ ದೇಶದಲ್ಲಿ ಈ ಕೆಲಸವನ್ನು ಈಗ ನಡೆಸುವುದು ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ ‘ನ್ಯಾಚ್’ ಎಂಬ ವ್ಯವಸ್ಥೆ. ಅದರ ಅಧಿಕಾರಪತ್ರದಲ್ಲಿ ಸಂಸ್ಥೆಯ ಹೆಸರು, ನಮ್ಮ ಖಾತೆಯ ಸಂಖ್ಯೆ, ಗರಿಷ್ಠ ಮೊಬಲಗು, ತಿಂಗಳಿಗೋ ಮೂರು ತಿಂಗಳಿಗೋ ಎಂಬ ಅವಧಿ, ಆರಂಭದ ಮತ್ತು ಮುಕ್ತಾಯದ ತಾರೀಖು ಇವಿಷ್ಟೂ ಇರುತ್ತವೆ. ಪ್ರತಿಯೊಂದು ಅಧಿಕಾರಪತ್ರಕ್ಕೂ ಬೇರೆಬೇರೆ ಗುರುತಿನ ಸಂಖ್ಯೆ ಬೀಳುತ್ತದೆ. ಕಂತಿನ ದಿನ ಬಂದಾಗ ಸಂಸ್ಥೆಯು ತನ್ನ ಬ್ಯಾಂಕಿನ ಮೂಲಕ ಸಾವಿರಾರು ಗ್ರಾಹಕರ ಪಟ್ಟಿಯನ್ನು ಒಟ್ಟಿಗೆ ಕಳುಹಿಸುತ್ತದೆ. ನಿಗಮದ ಗಣಕಯಂತ್ರಗಳು ಅದನ್ನು ಬ್ಯಾಂಕುವಾರಾಗಿ ವಿಂಗಡಿಸುತ್ತವೆ. ನಮ್ಮ ಬ್ಯಾಂಕು ಗುರುತಿನ ಸಂಖ್ಯೆ ಸರಿಯೇ, ಖಾತೆಯಲ್ಲಿ ಹಣವಿದೆಯೇ ಎಂದು ನೋಡಿ ಒಪ್ಪುತ್ತದೆ, ಇಲ್ಲವೆ ಕಾರಣ ಹೇಳಿ ಹಿಂದಿರುಗಿಸುತ್ತದೆ. ಕಟ್ಟಕಡೆಗೆ ಬ್ಯಾಂಕುಗಳ ನಡುವೆ ಸಾಗುವುದು ವ್ಯತ್ಯಾಸದ ಹಣ ಮಾತ್ರ: ಮೊದಲನೆಯ ಬ್ಯಾಂಕು ಎರಡನೆಯದಕ್ಕೆ 5 ಕೋಟಿ, ಎರಡನೆಯದು ಮೊದಲನೆಯದಕ್ಕೆ 4 ಕೋಟಿ ಕೊಡಬೇಕಾಗಿದ್ದರೆ, ಕದಲುವುದು 1 ಕೋಟಿ. 2021ರ ಆಗಸ್ಟ್ 1ರಿಂದ ಈ ವ್ಯವಸ್ಥೆ ಭಾನುವಾರ ಮತ್ತು ರಜಾದಿನಗಳಲ್ಲಿಯೂ ನಡೆಯುತ್ತಿದೆ. ಆದುದರಿಂದ “ನಾಳೆ ಭಾನುವಾರ, ಸೋಮವಾರ ಹಣ ತುಂಬೋಣ” ಎನ್ನುವ ಹಳೆಯ ಲೆಕ್ಕ ಈಗ ನಡೆಯದು.

ಮೊತ್ತ ಬದಲಾಗುವ ಬಿಲ್ಲು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮನೆಗಳಿಗೆ ವಿದ್ಯುತ್ತನ್ನು ಒದಗಿಸುವುದು 2002ರಲ್ಲಿ ಕೆಲಸ ಆರಂಭಿಸಿದ ಬೆಸ್ಕಾಂ. ಈ ಬಿಲ್ಲಿನ ಮೊತ್ತ ತಿಂಗಳಿಂದ ತಿಂಗಳಿಗೆ ಬೇರೆಯಾಗುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯ ಮೇಲೆ ಅದರ ಏರಿಳಿತ ಇನ್ನೂ ಹೆಚ್ಚಾಗಿದೆ. ಹಿಂದಿನ ಸರಾಸರಿ ಬಳಕೆಯ ಆಧಾರದಿಂದ ಪ್ರತಿ ಮನೆಗೂ ಉಚಿತ ಯೂನಿಟ್ಟುಗಳ ಅರ್ಹತೆ ಗೊತ್ತಾಗಿರುತ್ತದೆ. ಬಳಕೆ ಅದರೊಳಗಿದ್ದರೆ ಬಿಲ್ಲು ಸೊನ್ನೆ. ಅದನ್ನು ಮೀರಿ 200 ಯೂನಿಟ್ಟಿನೊಳಗಿದ್ದರೆ ಹೆಚ್ಚಿನ ಭಾಗಕ್ಕೆ ಹಣ. 200 ದಾಟಿದರೆ ಪೂರ್ತಿ ಬಿಲ್ಲು. ಬೇಸಗೆಯಲ್ಲಿ ಬೀಸಣಿಗೆಗಳು ಹಗಲಿರುಳು ತಿರುಗಿದ ಒಂದೇ ತಿಂಗಳಲ್ಲಿ ಸೊನ್ನೆಯ ಬಿಲ್ಲು ಸಾವಿರ ರೂಪಾಯಿಗೂ ಮೇಲೆ ಹಾರಬಹುದು.

ಇಂಥ ಬಿಲ್ಲಿಗೆ ಸ್ಥಾಯೀ ಸೂಚನೆ ಹೊಂದದು. ಮೊದಲು ಈ ತಿಂಗಳ ಮೊತ್ತವೆಷ್ಟೆಂದು ಕೇಳಿ ತಿಳಿಯಬೇಕು. ಬಳಿಕ ಅಷ್ಟನ್ನೇ ಕೊಡಬೇಕು. ರಿಸರ್ವ್ ಬ್ಯಾಂಕಿನ 2014ರ ಮಾರ್ಗಸೂಚಿಯಿಂದ ಹುಟ್ಟಿದ, ಈಗ ‘ಭಾರತ್ ಕನೆಕ್ಟ್’ ಎಂದು ಕರೆಯುವ ಬಿಲ್ ಪಾವತಿ ವ್ಯವಸ್ಥೆ ಮಾಡುವುದು ಇದನ್ನೇ. ಗ್ರಾಹಕರ ಖಾತೆ ಸಂಖ್ಯೆಯನ್ನು ಅದರೊಳಗೆ ಹಾಕಿದರೆ ವಿದ್ಯುತ್ ಕಂಪನಿಯ ಗಣಕಯಂತ್ರವು ಬಾಕಿಯ ಮೊತ್ತವನ್ನು ಹೇಳುತ್ತದೆ. ಹಣ ಸಂದ ಸುದ್ದಿ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಪ್ರತಿ ತಿಂಗಳೂ ಬಿಲ್ಲನ್ನು ನೋಡಿ ನಾವೇ ಒಪ್ಪಿಗೆ ಕೊಡಬಹುದು, ಅಥವಾ ಒಂದು ಗರಿಷ್ಠ ಮಿತಿಯನ್ನು ಹೇಳಿ ಅದರೊಳಗಿನ ಬಿಲ್ಲು ತಾನಾಗಿ ಸಲ್ಲುವಂತೆ ಏರ್ಪಡಿಸಬಹುದು. ಮಿತಿಯನ್ನು ತೀರ ಕಡಿಮೆ ಇಟ್ಟರೆ ಬೇಸಗೆಯ ಬಿಲ್ಲು ಸಲ್ಲದೆ ನಿಂತೀತು. ತೀರ ಹೆಚ್ಚಿಟ್ಟರೆ ಮೀಟರು ತಪ್ಪಿ ಓದಿದ ಬಿಲ್ಲೂ ಸದ್ದಿಲ್ಲದೆ ಸಂದುಹೋದೀತು. ಹಿಂದಿನ ವರ್ಷದ ಅತಿ ದೊಡ್ಡ ಬಿಲ್ಲಿಗಿಂತ ಸ್ವಲ್ಪ ಮೇಲೆ ಮಿತಿಯನ್ನು ಗೊತ್ತುಮಾಡುವುದು ವಿವೇಕ.

ಇಪ್ಪತ್ತನಾಲ್ಕು ಗಂಟೆಗಳ ಮುನ್ಸೂಚನೆ

ಕಾರ್ಡುಗಳಿಂದಲೂ ‘ಯುಪಿಐ ಆಟೋಪೇ’ಯಿಂದಲೂ ಹಣ ಸೆಳೆಯುವುದಕ್ಕೆ ರಿಸರ್ವ್ ಬ್ಯಾಂಕು 2019ರಿಂದೀಚೆಗೆ ನಿಯಮಗಳನ್ನು ಮಾಡಿದೆ. ಅಧಿಕಾರವನ್ನು ಕೊಡುವಾಗ ಗುಪ್ತಸಂಖ್ಯೆಯಿಂದ ದೃಢಪಡಿಸಬೇಕು. ಹಣ ತೆಗೆಯುವುದಕ್ಕೆ ಕಡೆಯಪಕ್ಷ 24 ಗಂಟೆಗಳ ಮೊದಲು ಗ್ರಾಹಕನಿಗೆ ತಿಳಿಸಬೇಕು. ಗ್ರಾಹಕನು ಬೇಕೆಂದಾಗ ಅಧಿಕಾರವನ್ನು ಹಿಂತೆಗೆದುಕೊಳ್ಳಬಹುದು. ಮತ್ತೆ ದೃಢೀಕರಣವಿಲ್ಲದೆ ಸೆಳೆಯಬಹುದಾದ ಮೊತ್ತ ಮೊದಲು 2,000 ರೂಪಾಯಿ ಇತ್ತು; ಆಮೇಲೆ 5,000 ಆಯಿತು; 2022ರ ಜೂನ್‌ನಲ್ಲಿ ಅದನ್ನು 15,000ಕ್ಕೆ ಏರಿಸಲಾಯಿತು. ವಿಮೆಯ ಕಂತು ಮೊದಲಾದ ಕೆಲವಕ್ಕೆ 2023ರ ಡಿಸೆಂಬರ್‌ನಲ್ಲಿ 1 ಲಕ್ಷದವರೆಗೆ ಅವಕಾಶವಾಯಿತು.

ಚಲನಚಿತ್ರಗಳನ್ನೋ ಸಂಗೀತವನ್ನೋ ಒದಗಿಸುವ ಸೇವೆಗಳು “ಮೊದಲ ತಿಂಗಳು ಒಂದೇ ರೂಪಾಯಿ” ಎಂದು ಕರೆಯುವಾಗ, ವಿದ್ಯಾರ್ಥಿಗಳು ಒಪ್ಪುವುದು ಒಂದು ರೂಪಾಯಿಗಲ್ಲ, ಸೆಳೆಯುವ ಅಧಿಕಾರಕ್ಕೆ ಎಂಬುದನ್ನು ನೆನಪಿಡಬೇಕು. ಮುನ್ಸೂಚನೆಯ ಸಂದೇಶವನ್ನು ಓದದೆ ಅಳಿಸುವವನಿಗೆ ಈ ನಿಯಮದ ರಕ್ಷಣೆ ಇದ್ದೂ ಇಲ್ಲದಂತೆ.

ದಿನವಲ್ಲ, ಮಟ್ಟ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಡದಿಯ ಬಳಿ ಸುಂಕ ಕೊಡುವ ವಾಹನಗಳ ‘ಫಾಸ್ಟ್ಯಾಗ್’ ಇನ್ನೊಂದು ಬಗೆಯನ್ನು ತೋರಿಸುತ್ತದೆ. ಅದರ ಹಣ ಇಂಥ ದಿನ ಮುಗಿಯುವುದೆಂದು ಹೇಳಲಾಗದು. ಆದುದರಿಂದ ತಾರೀಖಿನ ಬದಲು ಮಟ್ಟವನ್ನೇ ಗುರುತಾಗಿಡಬಹುದು: ಶೇಷವು ಇಂತಿಷ್ಟಕ್ಕಿಂತ ಕೆಳಗಿಳಿದರೆ ಇಂತಿಷ್ಟು ತುಂಬತಕ್ಕದ್ದು. ನೀರಿನ ತೊಟ್ಟಿಯಲ್ಲಿ ಮಟ್ಟ ಇಳಿದಾಗ ತೇಲುಬುರುಡೆ ಕೊಳಾಯಿಯನ್ನು ತೆರೆಯುವುದೂ ಇದೇ ತತ್ತ್ವದಿಂದ. ಎಷ್ಟು ಸಲ ತುಂಬಬೇಕಾದೀತೆಂಬುದು ಮೊದಲೇ ತಿಳಿಯದ ಕಾರಣ ಇದಕ್ಕೆ 24 ಗಂಟೆಗಳ ಮುನ್ಸೂಚನೆ ಬೇಡವೆಂದು ರಿಸರ್ವ್ ಬ್ಯಾಂಕು 2024ರಲ್ಲಿ ವಿನಾಯಿತಿ ಕೊಟ್ಟಿತು. ಹೀಗಿರುವಲ್ಲಿ ಇಂಥ ಏರ್ಪಾಟಿಗೆ ಜೋಡಿಸಿದ ಖಾತೆಯನ್ನು ಆಗಾಗ ನೋಡುತ್ತಿರುವುದು ನಮ್ಮದೇ ಹೊಣೆ.

ರೇಷ್ಮೆಗೂಡಿನ ಕಾಲ, ಕಂತಿನ ಕಾಲ

ಇದುವರೆಗೆ ಹೇಳಿದ ಯಂತ್ರಗಳೆಲ್ಲ ಒಂದು ಊಹೆಯ ಮೇಲೆ ನಿಂತಿವೆ: ಗೊತ್ತಾದ ದಿನ ಖಾತೆಯಲ್ಲಿ ಹಣವಿರುತ್ತದೆ. ತಿಂಗಳ ಸಂಬಳದವರಿಗೆ ಇದು ನಿಜ. ಆದರೆ ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ ರೈತನ ಆದಾಯ ಪಂಚಾಂಗವನ್ನು ನೋಡಿ ಬರುವುದಿಲ್ಲ. ಹುಳು ಸೊಪ್ಪು ತಿಂದು ಹಣ್ಣಾಗಲು ಸುಮಾರು 25 ದಿನಗಳು ಬೇಕು. ಮತ್ತೆ ಹಿಪ್ಪುನೇರಳೆ ಚಿಗುರಿ ಬೆಳೆಯಬೇಕು. ಹೀಗೆ ವರ್ಷಕ್ಕೆ ಐದಾರು ಬೆಳೆ. ನಡುವೆ ರೋಗ ತಗುಲಿ ಒಂದು ಬೆಳೆ ಕೆಟ್ಟರೆ ಆ ಹಣವೂ ಇಲ್ಲ. ಕಂತು ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ.

ಖಾತೆ ಬರಿದಾಗಿ ಕಂತು ಹಿಂದಿರುಗಿದರೆ ಬ್ಯಾಂಕಿನ ದಂಡ ಒಂದು ಕಡೆ, ಸಾಲ ಕೊಟ್ಟವರ ದಂಡ ಇನ್ನೊಂದು ಕಡೆ. ಹಣವಿಲ್ಲದೆ ಹಿಂದಿರುಗಿದ ಇಂಥ ಆದೇಶವನ್ನು 2007ರ ಪಾವತಿ ವ್ಯವಸ್ಥೆಗಳ ಕಾಯಿದೆಯ 25ನೆಯ ಕಲಮು ಚೆಕ್ಕು ಹಿಂದಿರುಗಿದಂತೆಯೇ ಅಪರಾಧವೆಂದು ಎಣಿಸುತ್ತದೆ. ನೋಟೀಸು ಬಂದ ಮೇಲೂ ಹಣ ಕೊಡದಿದ್ದರೆ ಮೊಕದ್ದಮೆ ಹೂಡಬಹುದು. ಜೀವವಿಮೆಯಲ್ಲಿ ನಷ್ಟ ಇನ್ನೂ ದೊಡ್ಡದು. ತಿಂಗಳ ಕಂತಿಗೆ 15 ದಿನಗಳ ರಿಯಾಯಿತಿ. ಮೂರು ತಿಂಗಳ, ಆರು ತಿಂಗಳ ಅಥವಾ ವರ್ಷದ ಕಂತಿಗೆ 30 ದಿನಗಳು. ಅದೂ ಕಳೆದರೆ ವಿಮೆ ರದ್ದಾಗಿ, ಅನಾಹುತವಾದ ದಿನ ಮನೆಯವರ ಕೈ ಬರಿದಾದೀತು.

ಪರಿಹಾರ ಅಂಕಗಣಿತದಲ್ಲಿಯೇ ಇದೆ. ಉದಾಹರಣೆಗೆ ಒಂದು ಸಂಸಾರದ ನಿಗದಿಯಾದ ಬಿಲ್ಲುಗಳು ತಿಂಗಳಿಗೆ 2,400 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 28,800. ಆರು ಬೆಳೆಗಳಿಗೆ ಹಂಚಿದರೆ ಬೆಳೆಗೆ 4,800. ಆದರೆ ಐದೇ ಬೆಳೆ ಬರುತ್ತದೆಂದು ಎಣಿಸಿ 5,760ರಂತೆ ಎತ್ತಿಟ್ಟರೆ, ಒಂದು ಬೆಳೆ ಕೆಟ್ಟರೂ ವರ್ಷದ ಲೆಕ್ಕ ಸರಿಹೋಗುತ್ತದೆ. ಆರನೆಯದೂ ಕೈಹಿಡಿದರೆ ಅದರ ಪಾಲು ಮುಂದಿನ ವರ್ಷದ ಆಧಾರ. ಗೂಡು ಮಾರಿದ ದಿನವೇ ಆ ಹಣವನ್ನು ಬೇರೊಂದು ಖಾತೆಗೆ ನಾವೇ ನೂಕಿಟ್ಟು, ಸೆಳೆಯುವ ಅಧಿಕಾರಗಳನ್ನೆಲ್ಲ ಆ ಖಾತೆಗೆ ಮಾತ್ರ ಕೊಡಬೇಕು. ಆಗ ತಪ್ಪಾದ ಬಿಲ್ಲು ಬಂದರೂ ಮನೆಯ ಮಿಕ್ಕ ಹಣ ಅದರ ಕೈಗೆ ಎಟುಕದು. ಚನ್ನಪಟ್ಟಣದ ಬೊಂಬೆ ಕೆಲಸಗಾರನಿಗೂ, ದಿನಗೂಲಿಯವನಿಗೂ ಈ ಲೆಕ್ಕ ಹೊಂದುತ್ತದೆ.

ಕೊನೆಯದಾಗಿ ಒಂದು ಭೇದವನ್ನು ಮರೆಯಬಾರದು. ಅಧಿಕಾರಪತ್ರವನ್ನು ರದ್ದು ಮಾಡಿದರೆ ಹಣ ಹೋಗುವುದು ನಿಲ್ಲುತ್ತದೆ, ಸಾಲ ತೀರುವುದಿಲ್ಲ. ಸಾಲ ತೀರಿದರೂ ಹಳೆಯ ಅಧಿಕಾರಪತ್ರ ತನ್ನ ಮುಕ್ತಾಯದ ತಾರೀಖಿನವರೆಗೆ ಜೀವಂತವಾಗಿ ಉಳಿದಿರಬಹುದು. ಎರಡನ್ನೂ ಬೇರೆಬೇರೆಯಾಗಿ ಮುಗಿಸಬೇಕು. ನಮ್ಮ ವಿದ್ಯಾರ್ಥಿಮಿತ್ರರು ಇಂದು ಸಂಜೆ ಮನೆಯ ಹಿರಿಯರ ಜೊತೆ ಕುಳಿತು, ಮನೆಯ ಖಾತೆಗಳಿಂದ ಹಣ ಸೆಳೆಯುವ ಅಧಿಕಾರ ಯಾರುಯಾರಿಗೆ ಇದೆ, ಎಷ್ಟಕ್ಕೆ, ಎಂದಿನವರೆಗೆ ಎಂಬ ಪಟ್ಟಿಯೊಂದನ್ನು ಬರೆದು ನೋಡಲಿ. ಒಂದು ಹಾಳೆ ಸಾಕು.